ತುರ್ತು ಚಿಕಿತ್ಸೆಯವರಿಗೆ ನಿದ್ದೆ

ಶ್ರೋತೃಗಳಿಗೆ ನಮಸ್ಕಾರ. ತುರ್ತು ಚಿಕಿತ್ಸಾ ವಿಭಾಗದಲ್ಲಿ ದುಡಿಯುವ ಯುವ ವೈದ್ಯರು, ದಾದಿಯರು, 108 ಆಂಬುಲೆನ್ಸ್ ಸಿಬ್ಬಂದಿ ಮತ್ತು ಅವರ ಮನೆಯವರನ್ನು ಕಣ್ಣಮುಂದಿಟ್ಟುಕೊಂಡು ಮಾತನಾಡುತ್ತಿದ್ದೇನೆ. ನಮ್ಮ ದೇಶದಲ್ಲಿ ತುರ್ತು ವೈದ್ಯಕೀಯವು ಪ್ರತ್ಯೇಕ ಸ್ನಾತಕೋತ್ತರ ವಿಷಯವೆಂದು ಮಾನ್ಯವಾದದ್ದು 2009ರಲ್ಲಿ. ಆದುದರಿಂದ ಈ ವೃತ್ತಿಯಲ್ಲಿ ಕೊನೆಯವರೆಗೂ ಆರೋಗ್ಯವಾಗಿ ಉಳಿಯುವ ಬಗೆಯನ್ನು ತೋರಿಸಿಕೊಡಬಲ್ಲ ಹಿರಿಯರು ನಮ್ಮಲ್ಲಿ ಕಡಿಮೆ. ಆ ಬಗೆ ಯಾವುದೆಂದು ಕೇಳುವವರಿಗೆ ನನ್ನ ಉತ್ತರ ಒಂದೇ: ನಿದ್ದೆ ಮಾಡಿ.

1997ರಲ್ಲಿ ಆಸ್ಟ್ರೇಲಿಯಾದ ಡ್ರೂ ಡಾಸನ್ ಮತ್ತು ಕ್ಯಾಥರಿನ್ ರೀಡ್ ಒಂದು ಪ್ರಯೋಗದ ಫಲಿತಾಂಶವನ್ನು ಪ್ರಕಟಿಸಿದರು. ಅವರು 40 ಜನರನ್ನು ಒಂದು ಸಲ ಬೆಳಿಗ್ಗೆ 8 ಗಂಟೆಯಿಂದ ಮರುದಿನ ಮಧ್ಯಾಹ್ನದವರೆಗೆ, ಅಂದರೆ 28 ಗಂಟೆ, ಮಲಗಗೊಡದೆ ಕೂರಿಸಿದರು. ಇನ್ನೊಂದು ಸಲ ಅದೇ ಜನರಿಗೆ ಅರ್ಧ ಗಂಟೆಗೊಮ್ಮೆ ಮದ್ಯ ಕುಡಿಸುತ್ತ ಹೋದರು. ಎರಡೂ ಸಲ ಕಂಪ್ಯೂಟರಿನ ಪರದೆಯ ಮುಂದೆ ಅವರ ಕಣ್ಣು ಮತ್ತು ಕೈಗಳ ಹೊಂದಾಣಿಕೆಯನ್ನು ಅಳೆದರು. 17 ಗಂಟೆ ಎಚ್ಚರವಿದ್ದವರ ಕೈ, ರಕ್ತದಲ್ಲಿ ಶೇಕಡ 0.05ರಷ್ಟು ಮದ್ಯವಿದ್ದಾಗ ಹೇಗೆ ತಪ್ಪುತ್ತಿತ್ತೋ ಹಾಗೆಯೇ ತಪ್ಪುತ್ತಿತ್ತು. 24 ಗಂಟೆಯಾದಾಗ ಆ ಪ್ರಮಾಣ ಸುಮಾರು 0.10ಕ್ಕೆ ಸಮನಾಯಿತು. ನಮ್ಮ ಮೋಟಾರು ವಾಹನ ಕಾಯ್ದೆ ಚಾಲಕನಿಗೆ ಹಾಕಿರುವ ಮಿತಿ ಶೇಕಡ 0.03. ವಾಹನ ಓಡಿಸಲು ಕಾನೂನು ಬಿಡದಂಥ ಸ್ಥಿತಿಯಲ್ಲಿರುವ ಒಬ್ಬ ವೈದ್ಯೆಗೆ ಉಸಿರುಗಟ್ಟಿದ ಮಗುವಿನ ಶ್ವಾಸನಾಳಕ್ಕೆ ಕೊಳವೆ ಇಳಿಸುವ ಕೆಲಸವನ್ನು ಒಪ್ಪಿಸುತ್ತೇವೆ, ಮೇಲಾಗಿ ಅದನ್ನು ತ್ಯಾಗವೆಂದು ಹೊಗಳುತ್ತೇವೆ. ಈ ಹೊಗಳಿಕೆ ನಿಲ್ಲಬೇಕು, ಅವಳಿಗೆ ನಿದ್ದೆ ಸಿಗಬೇಕು.

ದಣಿವಿಗೆ ಮದ್ದೆಂದು ಕೆಲವರು ಹೇಳುವ ಧ್ಯಾನಕ್ಕೂ ಆಪ್ತ ಸಮಾಲೋಚನೆಗೂ ಬೆಲೆಯಿದೆ, ನಾನು ಅಲ್ಲಗಳೆಯುವುದಿಲ್ಲ. ಆದರೆ ರಾತ್ರಿ ಪಾಳಿ ಮುಗಿಸಿದವರನ್ನು ಬೆಳಿಗ್ಗೆ ಧ್ಯಾನ ಶಿಬಿರದಲ್ಲಿ ಕೂರಿಸುವ ಆಡಳಿತದವರನ್ನು ಕಂಡರೆ ಬೇಸರವಾಗುತ್ತದೆ. ಆಸ್ಪತ್ರೆಯಲ್ಲಿ ದುಡಿಯುತ್ತಲೇ ತರಬೇತಿ ಪಡೆಯುವ ವೈದ್ಯರಿಗಾಗಿ ಕೇಂದ್ರ ಸರ್ಕಾರ ಮಾಡಿದ 1992ರ ರೆಸಿಡೆನ್ಸಿ ಯೋಜನೆಯು ನಿರಂತರ ಕರ್ತವ್ಯ ಸಾಮಾನ್ಯವಾಗಿ 12 ಗಂಟೆ ಮೀರಬಾರದೆಂದು ಹೇಳಿದೆ; ಅವರು ಮೊದಲು ಅದನ್ನು ಓದಲಿ.

ಸಮಯ ಕಡಿಮೆಯಿರುವುದರಿಂದ ಉಳಿದದ್ದನ್ನು ಬೇಗ ಹೇಳುತ್ತೇನೆ. ಪಾಳಿಪಟ್ಟಿ ಬರೆಯುವವರು ಬೆಳಗು, ಸಂಜೆ, ರಾತ್ರಿ ಎಂಬ ಕ್ರಮದಲ್ಲಿ ಮುಂದೆ ಸಾಗಲಿ. ದೇಹದ ಗಡಿಯಾರ ಹಿಂದಕ್ಕಿಂತ ಮುಂದಕ್ಕೆ ಸುಲಭವಾಗಿ ಸರಿಯುತ್ತದೆ. ರಾತ್ರಿ ಪಾಳಿಗೆ ಹೊರಡುವ ಮುನ್ನ ಸಂಜೆ ಸ್ವಲ್ಪ ಹೊತ್ತು ಮಲಗಿ. ಪಾಳಿಯ ಕೊನೆಯ ತಾಸುಗಳಲ್ಲಿ ಕಾಫಿ ಬೇಡ, ಅದು ಹಗಲಿನ ನಿದ್ದೆಯನ್ನು ಕಸಿಯುತ್ತದೆ. ಪಾಳಿ ಮುಗಿದ ಮೇಲೆ ಬೈಕ್ ಏರದೆ ಬಸ್ಸಿನಲ್ಲಿ ಅಥವಾ ಆಟೋದಲ್ಲಿ ಮನೆಗೆ ಹೋಗಿ. ಮನೆಯವರಲ್ಲಿ ನನ್ನ ವಿನಂತಿ ಇಷ್ಟೇ: ರಾತ್ರಿಯೆಲ್ಲ ದುಡಿದು ಬಂದು ಮಲಗಿದವರನ್ನು ಗ್ಯಾಸ್ ಸಿಲಿಂಡರ್ ಪಡೆಯಲೆಂದೋ ನೆಂಟರನ್ನು ಮಾತನಾಡಿಸಲೆಂದೋ ನಡುವೆ ಎಬ್ಬಿಸಬೇಡಿ. ನಮಸ್ಕಾರ.