ರಿಪೇರಿಗೆ ಎಷ್ಟು ಕೇಳಬೇಕು?

ಕೇಳುಗರಿಗೆ ನಮಸ್ಕಾರ. ಅಂಗಡಿ, ಕ್ಲಿನಿಕ್ಕು, ಲೆಕ್ಕಪತ್ರದ ಕಚೇರಿಗಳ ಕಂಪ್ಯೂಟರ್ ರಿಪೇರಿ ಮಾಡುವವರಲ್ಲಿ ಅನೇಕರು ದರ ಹೇಳುವಾಗ ತಡವರಿಸುತ್ತಾರೆ. ಪಕ್ಕದವರು ಎಷ್ಟು ತೆಗೆದುಕೊಳ್ಳುತ್ತಾರೆಂದು ವಿಚಾರಿಸಿ, ಅದಕ್ಕಿಂತ ಸ್ವಲ್ಪ ಕಡಿಮೆ ಹೇಳಿಬಿಡುತ್ತಾರೆ. ಪಕ್ಕದವರ ಖರ್ಚು ನಮ್ಮ ಖರ್ಚಲ್ಲ. ದರ ನಮ್ಮ ಲೆಕ್ಕದಿಂದಲೇ ಹುಟ್ಟಬೇಕು.

ತಿಂಗಳಿಗೆ 22 ದಿನ, ದಿನಕ್ಕೆ 8 ಗಂಟೆ ಎಂದರೆ 176 ಗಂಟೆ. ಅಷ್ಟಕ್ಕೂ ಬಿಲ್ ಹಾಕಲಾಗದು. ಓಡಾಟ, ಬಿಡಿಭಾಗ ತರುವುದು, ಫೋನಿನಲ್ಲಿ ಉತ್ತರ ಕೊಡುವುದು, ಬಾಕಿ ವಸೂಲಿ, ಇವಕ್ಕೆ ಅರ್ಧ ಸಮಯ ಹೋಗುತ್ತದೆಂದು ಹಿಡಿಯುವುದು ಕ್ಷೇಮ. ಉಳಿಯುವುದು 88 ಗಂಟೆ. ಬಾಡಿಗೆ, ಕರೆಂಟು, ಉಪಕರಣ, ತೆರಿಗೆ, ನಿಮ್ಮ ಸಂಬಳ ಎಲ್ಲ ಕೂಡಿಸಿ 88ರಿಂದ ಭಾಗಿಸಿ. ಬರುವುದೇ ಗಂಟೆಯ ದರ. 176ರಿಂದ ಭಾಗಿಸಿದವರು ಗೊತ್ತಿಲ್ಲದೆಯೇ ಅರ್ಧ ಬೆಲೆಗೆ ದುಡಿಯುತ್ತಿರುತ್ತಾರೆ.

ತಪಾಸಣೆಗೆ ಶುಲ್ಕ ಇರಲೇಬೇಕು. ದೋಷ ಎಲ್ಲಿದೆ ಎಂದು ಕಂಡುಹಿಡಿಯುವುದೇ ಈ ಕಸುಬಿನ ಕಷ್ಟದ ಭಾಗ. ಸ್ಕ್ರೂ ಬಿಚ್ಚಿ ಹಾಕುವುದು ಸುಲಭದ ಭಾಗ. ರಿಪೇರಿ ನಿಮ್ಮಲ್ಲೇ ಮಾಡಿಸಿದರೆ ಆ ಶುಲ್ಕವನ್ನು ಬಿಲ್ಲಿನಲ್ಲಿ ಕಳೆಯಬಹುದು. ಬಿಟ್ಟಿಯಾಗಿ ಮಾತ್ರ ನೋಡಿಕೊಡಬೇಡಿ.

ರ‍್ಯಾಮ್ ಸೇರಿಸುವುದು, ಪವರ್ ಸಪ್ಲೈ ಬದಲಿಸುವುದು ಮುಂತಾದ, ಹೊತ್ತು ಅಂದಾಜಿಗೆ ಸಿಗುವ ಕೆಲಸಕ್ಕೆ ನಿಗದಿತ ದರ ಒಳ್ಳೆಯದು. ಆಗಾಗ ಕಡಿದುಹೋಗುವ ನೆಟ್‌ವರ್ಕ್, ವೈರಸ್ ಹೊಕ್ಕ ಯಂತ್ರ, ಇವಕ್ಕೆ ಗಂಟೆಯ ಲೆಕ್ಕ. ವಿಂಡೋಸ್ ಮರುಸ್ಥಾಪನೆಯಲ್ಲಿ ಎಚ್ಚರ ಬೇಕು. ವಿಂಡೋಸ್ ಬೇಗ ಮುಗಿಯುತ್ತದೆ. ಅದಾದ ಮೇಲೆ ಪ್ರಿಂಟರ್ ಹಂಚಿಕೆ, ಇಮೇಲ್, ಲೆಕ್ಕದ ಸಾಫ್ಟ್‌ವೇರ್‌ನ ಪರವಾನಗಿ ಎಂದು ಅರ್ಧ ದಿನ ಹೋಗುತ್ತದೆ. ನಿಗದಿತ ದರದಲ್ಲಿ ಇವುಗಳಲ್ಲಿ ಏನೇನು ಸೇರಿದೆ ಎಂದು ಬರೆದುಕೊಡಿ.

ಹೆಚ್ಚು ನಷ್ಟವಾಗುವುದು ಡಿಸ್ಕ್ ಕೆಲಸದಲ್ಲಿ. 500 ಜಿಬಿಯ ಹಾರ್ಡ್ ಡಿಸ್ಕನ್ನು ಸೆಕೆಂಡಿಗೆ 100 ಎಂಬಿ ವೇಗದಲ್ಲಿ ಚಿಪ್‌ಗಳಲ್ಲಿ ಡೇಟಾ ಇಡುವ ಎಸ್‌ಎಸ್‌ಡಿಗೆ ನಕಲು ಮಾಡಲು ಸುಮಾರು 83 ನಿಮಿಷ ಸಾಕು. ಯಂತ್ರ ಓಡುವ ಹೊತ್ತು ಬೇರೆ, ನೀವು ದುಡಿಯುವ ಹೊತ್ತು ಬೇರೆ. ಆದ್ದರಿಂದ ಇದಕ್ಕೆ ನಿಗದಿತ ದರವೇ ನ್ಯಾಯ. ಆದರೆ ಡಿಸ್ಕಿನಲ್ಲಿ ಕೆಟ್ಟ ಸೆಕ್ಟರ್‌ಗಳು, ಅಂದರೆ ಸರಿಯಾಗಿ ಓದಲಾಗದ ಜಾಗಗಳು ಇದ್ದರೆ ಒಂದೊಂದನ್ನೂ ಮತ್ತೆ ಮತ್ತೆ ಓದಲು ಯತ್ನಿಸುತ್ತ ಅದೇ ನಕಲು ಇಡೀ ದಿನ ಹಿಡಿದೀತು. ಹಾಗಾಗಿ ಬೆಲೆ ಹೇಳುವ ಮುನ್ನ ಡಿಸ್ಕ್ ತನ್ನ ಆರೋಗ್ಯದ ಬಗ್ಗೆ ತಾನೇ ಕೊಡುವ ಸ್ಮಾರ್ಟ್ ವರದಿ ತೆಗೆಯಿರಿ. ಅದರಲ್ಲಿ ಪೆಂಡಿಂಗ್ ಸೆಕ್ಟರ್‌ಗಳ, ಅಂದರೆ ಓದಲಾಗದೆ ಬಾಕಿ ಉಳಿದ ಸೆಕ್ಟರ್‌ಗಳ ಎಣಿಕೆ ಸೊನ್ನೆ ಇಲ್ಲದಿದ್ದರೆ ಅದು ಡೇಟಾ ಉಳಿಸುವ ಕೆಲಸ, ದರವೂ ಬೇರೆ. ಡಿಸ್ಕ್ ಟಕ್ ಟಕ್ ಎನ್ನುತ್ತಿದ್ದರೆ ತಕ್ಷಣ ಆಫ್ ಮಾಡಿ, ಕ್ಲೀನ್ ರೂಮ್, ಅಂದರೆ ಧೂಳಿಲ್ಲದ ಕೋಣೆ ಇರುವ ಪ್ರಯೋಗಾಲಯಕ್ಕೆ ಕಳಿಸಲು ಹೇಳಿ. ಆ ಡೇಟಾ ಗ್ರಾಹಕರ ವರ್ಷಗಳ ವ್ಯವಹಾರ. ಪ್ರಯೋಗ ಮಾಡುವ ಹಕ್ಕು ನಮಗಿಲ್ಲ.

ಮದರ್‌ಬೋರ್ಡ್ ಬದಲಿಸುವ ಮೊದಲು ಡಿಸ್ಕಿನ ಡೇಟಾಗೆ ಬೀಗ ಹಾಕುವ ವಿಂಡೋಸ್‌ನ ಬಿಟ್‌ಲಾಕರ್ ಚಾಲೂ ಇದೆಯೇ ನೋಡಿ. ಇದ್ದರೆ 48 ಅಂಕಿಗಳ ರಿಕವರಿ ಕೀ ಕೈಗೆ ಬರುವತನಕ ಬೋರ್ಡ್ ಮುಟ್ಟಬೇಡಿ.

ಬಿಡಿಭಾಗದ ಮೇಲೆ ಲಾಭ ಇಡಲು ಸಂಕೋಚ ಬೇಡ. ತಯಾರಕರ ವಾರಂಟಿ ಸಾಮಾನ್ಯವಾಗಿ ಭಾಗಕ್ಕೆ ಮಾತ್ರ. ಅದನ್ನು ಬಿಚ್ಚಿ ಕಳಿಸಿ, ಹೊಸದನ್ನು ಕೂರಿಸುವ ಶ್ರಮ ನಿಮ್ಮದು. ಗ್ರಾಹಕರೇ ತಂದ ಭಾಗವಾದರೆ, ಅದು ಕೆಟ್ಟಾಗ ಮತ್ತೆ ಕೂಲಿ ಆಗುತ್ತದೆಂದು ಮೊದಲೇ ಹೇಳಿ.

ತಿಂಗಳ ಒಪ್ಪಂದದಲ್ಲಿ ಎಷ್ಟು ಯಂತ್ರ, ಎಷ್ಟು ಗಂಟೆ, ಯಾವ ಕೆಲಸ ಸೇರಿಲ್ಲ ಎಂಬುದು ಸ್ಪಷ್ಟವಿರಲಿ. ಉದಾಹರಣೆಗೆ, ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿಯಿತು. ವಿಂಡೋಸ್ 11ಕ್ಕೆ ಯಂತ್ರದಲ್ಲಿ ಟಿಪಿಎಂ 2.0 ಎಂಬ ಭದ್ರತಾ ಸೌಲಭ್ಯ ಬೇಕು. ಇಡೀ ಕಚೇರಿಯನ್ನು ಅದಕ್ಕೆ ಬದಲಿಸುವುದು ತಿಂಗಳ ನಿರ್ವಹಣೆಯಲ್ಲ, ಪ್ರತ್ಯೇಕ ಕೆಲಸ, ಪ್ರತ್ಯೇಕ ಕೊಟೇಶನ್. ತುರ್ತು ಕರೆಗೆ ಇಷ್ಟು ಹೊತ್ತಿನಲ್ಲಿ ಬರುತ್ತೇವೆ ಎನ್ನಿ. ಇಷ್ಟರಲ್ಲಿ ಸರಿಮಾಡುತ್ತೇವೆ ಎನ್ನಬೇಡಿ. ರಾತ್ರಿಗೂ ರಜಾದಿನಕ್ಕೂ ಒಂದೂವರೆ ಪಟ್ಟು ದರ ತಪ್ಪಲ್ಲ.

ಕೆಲಸ ಅಂದಾಜು ಮೀರುವಂತೆ ಕಂಡರೆ ಅಲ್ಲೇ ನಿಲ್ಲಿಸಿ, ಫೋನ್ ಮಾಡಿ ಒಪ್ಪಿಗೆ ಪಡೆದು, ಅದನ್ನು ಸಂದೇಶದಲ್ಲೂ ದಾಖಲಿಸಿ. ಬಿಲ್ಲಿನಲ್ಲಿ ಕೂಲಿ, ಭಾಗ, ಪ್ರಯಾಣ ಬೇರೆ ಬೇರೆ ಸಾಲಿನಲ್ಲಿರಲಿ, ಹೊಸ ಭಾಗದ ಸೀರಿಯಲ್ ಸಂಖ್ಯೆಯೂ ಇರಲಿ. ತೆಗೆದ ಹಳೆಯ ಡಿಸ್ಕನ್ನು ಗ್ರಾಹಕರ ಕೈಗೇ ಕೊಟ್ಟು, ಕೊಟ್ಟದ್ದಕ್ಕೆ ಸಹಿ ಪಡೆಯಿರಿ. ನಮಸ್ಕಾರ.