ನಕ್ಷೆಯಲ್ಲಿಯೇ ಕಾಣುವ ಬೆಂಕಿ

ಕೇಳುಗರೇ, ನಮಸ್ಕಾರ. ಹೊಸ ಕಾರ್ಖಾನೆ ಕಟ್ಟುವವರು ಬೆಂಕಿ ಸುರಕ್ಷತೆ ನೋಡುವ ನನ್ನಂಥವರನ್ನು ಕರೆಯುವುದು ಸಾಮಾನ್ಯವಾಗಿ ಪೈಪುಗಳಿಗೆ ಬಣ್ಣ ಬಳಿದಾದ ಮೇಲೆ. ಆಗ ಅವರು ಕೇಳುವುದು, ಬೆಂಕಿ ನಂದಿಸುವ ಸಿಲಿಂಡರುಗಳನ್ನು ಯಾವ ಗೋಡೆಗೆ ತೂಗುಹಾಕಬೇಕು ಎಂದು. ಉರಿಯುವ ವಸ್ತು ಇಷ್ಟೊಂದು ಬೇಕೇ, ಅದರ ಪಕ್ಕದಲ್ಲಿ ಜನರೇಕೆ ಇರಬೇಕು ಎಂಬ ಎರಡು ಪ್ರಶ್ನೆಗಳನ್ನು ನಕ್ಷೆ ಇನ್ನೂ ಕಾಗದದ ಮೇಲಿರುವಾಗಲೇ ಕೇಳಬೇಕಿತ್ತು.

ಇಂಗ್ಲೆಂಡಿನ ಫ್ಲಿಕ್ಸ್‌ಬರೊದಲ್ಲಿ ನೈಲಾನಿಗೆ ಬೇಕಾದ ಕ್ಯಾಪ್ರೊಲ್ಯಾಕ್ಟಮ್ ತಯಾರಿಸುವ ಕಾರ್ಖಾನೆಯೊಂದಿತ್ತು. ಸೈಕ್ಲೋಹೆಕ್ಸೇನ್ ಎಂಬ, ಸುಲಭವಾಗಿ ಹೊತ್ತಿಕೊಳ್ಳುವ ದ್ರವವು, ತನ್ನ ಕುದಿಬಿಂದುವಿಗಿಂತ ಬಹಳ ಮೇಲಿನ ಶಾಖದಲ್ಲಿ, ಒತ್ತಡದ ಬಲದಿಂದ ಮಾತ್ರ ದ್ರವವಾಗಿ ಉಳಿದು, ಸಾಲಾಗಿ ನಿಂತ 6 ರಿಯಾಕ್ಟರುಗಳ, ಅಂದರೆ ರಾಸಾಯನಿಕ ಕ್ರಿಯೆ ನಡೆಯುವ ದೊಡ್ಡ ಪಾತ್ರೆಗಳ, ಮೂಲಕ ಹರಿಯುತ್ತಿತ್ತು. 5ನೆಯ ರಿಯಾಕ್ಟರಿನಲ್ಲಿ ಬಿರುಕು ಕಂಡಾಗ ಅದನ್ನು ತೆಗೆದು, 28 ಇಂಚಿನ ಬಾಯಿಗಳ ನಡುವೆ 20 ಇಂಚಿನ ಬಾಗುಪೈಪನ್ನು ಜೋಡಿಸಿದರು. ಆ ಪೈಪಿಗಿದ್ದ ನಕ್ಷೆಯೆಂದರೆ ವರ್ಕ್‌ಶಾಪಿನ ನೆಲದ ಮೇಲೆ ಸೀಮೆಸುಣ್ಣದಲ್ಲಿ ಬರೆದದ್ದು, ಅಷ್ಟೇ. 1974ರ ಜೂನ್ 1ರ ಶನಿವಾರ ಆ ಜೋಡಣೆ ಕಿತ್ತುಹೋಯಿತು, ಹೊರನುಗ್ಗಿದ ಆವಿಯ ಮೋಡ ಸಿಡಿಯಿತು, 28 ಜನ ಸತ್ತರು.

ಎಲ್ಲರೂ ಆ ಪೈಪನ್ನೇ ದೂರುತ್ತಾರೆ. ದಯವಿಟ್ಟು ಅಲ್ಲಿಗೇ ನಿಲ್ಲಬೇಡಿ. ಸತ್ತವರಲ್ಲಿ 18 ಮಂದಿ ನಿಯಂತ್ರಣ ಕೊಠಡಿಯಲ್ಲಿದ್ದರು, ಆ ಕೊಠಡಿಯನ್ನು ಸ್ಥಾವರದ ಪಕ್ಕದಲ್ಲಿಟ್ಟದ್ದು ಪೈಪಲ್ಲ, ನಕ್ಷೆ. ಪ್ರತಿ ಸುತ್ತಿನಲ್ಲಿ ದ್ರವದ ಶೇಕಡ 6ರಷ್ಟು ಮಾತ್ರ ರೂಪಾಂತರಗೊಂಡು, ಮಿಕ್ಕದ್ದೆಲ್ಲ ಮತ್ತೆ ಸುತ್ತುತ್ತಿದ್ದುದರಿಂದಲೇ ಅಷ್ಟು ಟನ್ ಸೈಕ್ಲೋಹೆಕ್ಸೇನ್ ಒಳಗಿತ್ತು. ಅದೂ ನಕ್ಷೆಯಲ್ಲಿಯೇ ತೀರ್ಮಾನವಾದದ್ದು. ಇಲ್ಲದ ವಸ್ತು ಸೋರಲಾರದು ಎಂದು ರಸಾಯನ ಎಂಜಿನಿಯರ್ ಟ್ರೆವರ್ ಕ್ಲೆಟ್ಜ್ ಮುಂದೆ ವಾದಿಸಿದ್ದು ಈ ಅರ್ಥದಲ್ಲಿಯೇ. ಕಾಗದದ ಮೇಲೆ ಕೊಠಡಿಯನ್ನು ದೂರ ಸರಿಸಲು ರಬ್ಬರು ಮತ್ತು ಪೆನ್ಸಿಲು ಸಾಕು; ಕಾಂಕ್ರೀಟು ಬಿದ್ದ ಮೇಲೆ ಸರಿಸುವವರನ್ನು ನಾನಂತೂ ಕಂಡಿಲ್ಲ.

ಫ್ಲಿಕ್ಸ್‌ಬರೊದ ಮಾತೇ ದೀರ್ಘವಾಯಿತು, ಉಳಿದದ್ದನ್ನು ಚುಟುಕಾಗಿ ಹೇಳುತ್ತೇನೆ. ಹ್ಯಾಝಾಪ್ ಸಭೆಯಲ್ಲಿ, ಅಂದರೆ ಸ್ಥಾವರದಲ್ಲಿ ಎಲ್ಲೆಲ್ಲಿ ಏನು ತಪ್ಪಬಹುದೆಂದು ಹುಡುಕುವ ಸಭೆಯಲ್ಲಿ, ಒಂದೊಂದು ಪೈಪನ್ನೂ ಹಿಡಿದು, ಹರಿವು ನಿಂತರೆ ಏನು, ಹಿಮ್ಮುಖವಾದರೆ ಏನು, ಒತ್ತಡ ಏರಿದರೆ ಏನು ಎಂದು ಕೇಳುತ್ತ ಹೋಗಬೇಕು. ಆ ಸಭೆಗೆ ಸ್ಥಾವರವನ್ನು ನಡೆಸಲಿರುವ ಆಪರೇಟರನ್ನೂ ಕೂರಿಸಿಕೊಳ್ಳಿ. ಮರೆಯುವ ಮೊದಲು ಇನ್ನೊಂದು ಮಾತು: ಸೋರಿದ ದ್ರವವು ಟ್ಯಾಂಕಿನ ಅಡಿಯಲ್ಲಿಯೇ ನಿಂತು ಉರಿಯದೆ ದೂರದ ಗುಂಡಿಗೆ ಹರಿದುಹೋಗುವಂತೆ ನೆಲದ ಇಳಿಜಾರನ್ನು ಮೊದಲ ನಕ್ಷೆಯಲ್ಲಿಯೇ ಗುರುತಿಸಿ, ಬೆಂಕಿ ನಂದಿಸಲು ಸುರಿಯುವ ನೀರಿಗೂ ಆ ಗುಂಡಿಯಲ್ಲಿ ಜಾಗ ಲೆಕ್ಕಹಾಕಿಡಿ.