ಕಾರ್ಬೊರೇಟರ್ ಕೂರಿಸಿದ ಮೇಲೆ ಗಾಳಿ ಎಲ್ಲಿಂದ ಎಳೆಯುತ್ತಿದೆ?

ಎಲ್ಲರಿಗೂ ನಮಸ್ಕಾರ. ಹಳೇ ಪೆಟ್ರೋಲ್ ಜೀಪು, ಲಾರಿಗಳನ್ನು ಬಿಡದೆ ಸಾಕಿಕೊಂಡು ಬಂದವರೇ ಇಲ್ಲಿ ಜಾಸ್ತಿ ಇದ್ದೀರಿ, ಪೀಠಿಕೆ ಬೇಡ. ದೂರು ಯಾವಾಗಲೂ ಒಂದೇ. ಪೆಟ್ರೋಲಿಗೆ ಗಾಳಿ ಬೆರೆಸಿ ಇಂಜಿನ್ನಿಗೆ ಕೊಡುವ ಕಾರ್ಬೊರೇಟರ್ ಬಿಚ್ಚಿ ತೊಳೆದು ಹೊಸ ಕಿಟ್ (ಪ್ಯಾಕಿಂಗ್, ಸಣ್ಣ ಬಿಡಿಭಾಗಗಳ ಸೆಟ್) ಹಾಕಿ ಕೂರಿಸಿರುತ್ತೀರಿ, ಆದರೆ ಗಾಡಿ ಮೊದಲಿಗಿಂತ ಕೆಟ್ಟದಾಗಿ ಓಡುತ್ತದೆ. ಸ್ಲೋ (ಆಕ್ಸಿಲರೇಟರ್ ಒತ್ತದಿದ್ದಾಗಿನ ಇಂಜಿನ್ ಓಟ) ನಿಲ್ಲುವುದಿಲ್ಲ, ಗಾಳಿ ಕಡಿಮೆ ಮಾಡುವ ಚೋಕ್ ಎಳೆದರೆ ಮಾತ್ರ ಸ್ವಲ್ಪ ಸರಿ, ಎಲ್ಲೋ ಸುಯ್ ಅಂತ ಸದ್ದು. ಆಗ ಏನು ಮಾಡ್ತೀರಿ? ಮತ್ತೆ ಕಾರ್ಬೊರೇಟರನ್ನೇ ಬಿಚ್ಚುತ್ತೀರಿ, ಅಲ್ವಾ? ತಡೀರಿ. ಸೀಳಿದ ಸ್ಟ್ರಾದಲ್ಲಿ ಎಳನೀರು ಎಷ್ಟು ಎಳೆದರೂ ಬಾಯಿಗೆ ಗಾಳಿಯೇ ಬರುತ್ತದೆ, ಇಲ್ಲೂ ಮೊದಲು ಹುಡುಕಬೇಕಾದದ್ದು ಆ ಸೀಳನ್ನು.

ಒಂದು ವ್ಯಾಕ್ಯೂಮ್ ಗೇಜ್ ಇಟ್ಟುಕೊಳ್ಳಿ, ಇಂಜಿನ್ ಗಾಳಿ ಎಳೆಯುವ ಬಲವನ್ನು ಮುಳ್ಳಿನಲ್ಲಿ ತೋರಿಸುವ ಮೀಟರ್ ಅದು. ಅದನ್ನು ಕಾರ್ಬೊರೇಟರಿನಿಂದ ಇಂಜಿನ್ನಿಗೆ ಹೋಗುವ ಕೊಳವೆ, ಅಂದರೆ ಮ್ಯಾನಿಫೋಲ್ಡಿಗೇ ಹಾಕಿ. ಕಾರ್ಬೊರೇಟರಿನ ಥ್ರಾಟಲ್ ಪ್ಲೇಟಿನ (ಆಕ್ಸಿಲರೇಟರ್ ಒತ್ತಿದರೆ ತೆರೆಯುವ ತಗಡಿನ) ಮೇಲ್ಭಾಗದಲ್ಲಿರುವ ತೂತಿಗೆ ಹಾಕಿದರೆ ಸ್ಲೋನಲ್ಲಿ ಮುಳ್ಳು ಏಳುವುದೇ ಇಲ್ಲ, ಸುಮ್ನೆ ಗಾಬರಿ. ಇನ್ನೊಂದು ವಿಷಯ, ಪುಸ್ತಕದಲ್ಲಿ 17ರಿಂದ 21 ಇಂಚು (ಪಾದರಸದ ಅಳತೆ) ಅಂತ ಬರೆದಿರುವುದು ಸಮುದ್ರಮಟ್ಟದ ಲೆಕ್ಕ. ಪ್ರತಿ 1,000 ಅಡಿ ಹತ್ತಿದಂತೆ ಸುಮಾರು ಒಂದು ಇಂಚು ಇಳಿಯುತ್ತದೆ. ನಮ್ಮ ಚಿಕ್ಕಮಗಳೂರು ಇರುವುದೇ ಸುಮಾರು 3,500 ಅಡಿ ಎತ್ತರದಲ್ಲಿ. ಹಾಗಾಗಿ ಇಲ್ಲಿ 14ರಿಂದ 17 ತೋರಿಸಿ ಮುಳ್ಳು ಅಲ್ಲಾಡದೆ ನಿಂತರೆ ಇಂಜಿನ್ ಚೆನ್ನಾಗಿಯೇ ಇದೆ. ಚಾರ್ಮಾಡಿ ಇಳಿದು ಉಜಿರೆಗೆ ಹೋಗಿ ನೋಡಿ, ಯಾವ ಸ್ಕ್ರೂ ಮುಟ್ಟದಿದ್ದರೂ ಅದೇ ಗಾಡಿಯಲ್ಲಿ ಮುಳ್ಳು ಮೇಲೇರಿರುತ್ತದೆ.

ಮುಳ್ಳು ಪಟಪಟ ಅಂತ ಕುಣಿಯುತ್ತಿದ್ದರೆ ವಾಲ್ವ್ ಕಡೆ ನೋಡಿ. ಅಲ್ಲಾಡದೆ ತೀರಾ ಕೆಳಗೆ ನಿಂತಿದ್ದರೆ ಗಾಳಿ ಲೀಕ್, ಇಲ್ಲವೇ ಟೈಮಿಂಗ್ ಹಿಂದೆ ಬಿದ್ದಿದೆ, ಅಂದರೆ ಸ್ಪಾರ್ಕ್ ತಡವಾಗಿ ಬರುತ್ತಿದೆ.

ಲೀಕಿನಲ್ಲಿ ನನಗೆ ಮೊದಲ ಅನುಮಾನ ಕಾರ್ಬೊರೇಟರಿನ ತಳದ ಪ್ಯಾಕಿಂಗ್ ಮೇಲೆ. ಒಂದೇ ಕಿಟ್‌ನಲ್ಲಿ ಎರಡು ಮೂರು ಮಾಡೆಲ್ಲಿನ ಪ್ಯಾಕಿಂಗ್ ಹಾಕಿ ಕೊಟ್ಟಿರುತ್ತಾರೆ, ನೋಡಲು ಎಲ್ಲಾ ಒಂದೇ ಥರ. ಹಳೆಯದನ್ನು ಎಸೆಯುವ ಮೊದಲು ಹೊಸದರ ಮೇಲಿಟ್ಟು ಪ್ರತಿ ತೂತನ್ನೂ ಹೊಂದಿಸಿ ನೋಡಿ. ಆಮೇಲೆ ತಳವನ್ನು ದಪ್ಪ ಗಾಜಿನ ಮೇಲಿಟ್ಟು ಮೂಲೆಗಳನ್ನು ಒಂದೊಂದಾಗಿ ಒತ್ತಿ. ಟಕ್ ಟಕ್ ಅಂತ ಆಡಿದರೆ ತಳ ಬಾಗಿದೆ ಅಂತಲೇ ಅರ್ಥ. ಯಾರೋ ಯಾವತ್ತೋ ನಟ್ಟನ್ನು ಶಕ್ತಿ ಮೀರಿ ಬಿಗಿದಿರುತ್ತಾರೆ, ಪಾಪ, ಲೀಕ್ ನಿಲ್ಲಲಿ ಅಂತಲೇ. ಗಾಜಿನ ಮೇಲೆ ಎಮರಿ ಪೇಪರ್ ಹಾಸಿ ನಿಧಾನವಾಗಿ ಉಜ್ಜಿದರೆ ಸರಿಯಾಗುತ್ತದೆ.

ಥ್ರಾಟಲ್ ಪ್ಲೇಟನ್ನು ತಿರುಗಿಸುವ ಶಾಫ್ಟನ್ನು ಬೆರಳಲ್ಲಿ ಹಿಡಿದು ಮೇಲೆ ಕೆಳಗೆ ಅಲ್ಲಾಡಿಸಿ, ಆಡಿದರೆ ಅದು ಕೂರುವ ಬುಷ್ ಸವೆದಿದೆ. ಸವೆದ ಬುಷ್‌ಗೆ ಸಾಮಾನ್ಯವಾಗಿ ಕಿಟ್‌ನಲ್ಲಿ ಮದ್ದಿಲ್ಲ, ಲೇತ್ ಕೆಲಸದವರ ಹತ್ತಿರವೇ ಹೋಗಬೇಕು. ಇಂಜಿನ್ ಸ್ಲೋನಲ್ಲಿರುವಾಗ ಶಾಫ್ಟಿನ ತುದಿಗೆ ಒಂದು ಹನಿ ಆಯಿಲ್ ಬಿಟ್ಟು ಸದ್ದು ಬದಲಾದರೆ ಕಳ್ಳ ಸಿಕ್ಕಿದ.

ಲೀಕ್ ಹುಡುಕಲು ಪೆಟ್ರೋಲ್ ಚಿಮುಕಿಸುವವರಿದ್ದಾರೆ. ದಯವಿಟ್ಟು ಬೇಡ. ಹಳೇ ಇಂಜಿನ್‌ಗಳಲ್ಲಿ ಕಾದ ಎಕ್ಸಾಸ್ಟ್ ಅಲ್ಲೇ ಪಕ್ಕದಲ್ಲಿರುತ್ತದೆ, ಒಂದೇ ಕ್ಷಣಕ್ಕೆ ಬೆಂಕಿ. ಸ್ಪ್ರೇ ಬಾಟಲಿಯಲ್ಲಿ ನೀರು ಸಾಕು. ಸ್ಪಾರ್ಕ್ ಹಂಚುವ ಡಿಸ್ಟ್ರಿಬ್ಯೂಟರ್‌ಗೆ ತಾಗದ ಹಾಗೆ ಜೋಡಣೆಗಳ ಮೇಲೆ ಹೊಡೆಯಿರಿ, ಲೀಕ್ ಇರುವಲ್ಲಿ ಇಂಜಿನ್ ಸದ್ದು ಬದಲಾಗುತ್ತದೆ. ವ್ಯಾಕ್ಯೂಮಿನಿಂದ ಕೆಲಸ ಮಾಡುವ ವೈಪರ್, ಬ್ರೇಕ್ ಬೂಸ್ಟರ್‌ಗಳಿದ್ದರೆ ಅವುಗಳ ಪೈಪುಗಳನ್ನೂ ಒಂದೊಂದಾಗಿ ಹಿಸುಕಿ, ಸದ್ದು ಬದಲಾಗುತ್ತದೆಯೇ ನೋಡಿ.

ಎಲ್ಲೂ ಲೀಕಿಲ್ಲ, ಆದರೂ ಸ್ಲೋನಲ್ಲಿ ಗಾಳಿ-ಪೆಟ್ರೋಲ್ ಮಿಶ್ರಣ ಹೊಂದಿಸುವ ಮಿಕ್ಸ್ಚರ್ ಸ್ಕ್ರೂ ತಿರುಗಿಸಿದರೆ ಏನೂ ಆಗುತ್ತಿಲ್ಲವೇ? ಸ್ಲೋಗೆ ಪೆಟ್ರೋಲ್ ಬಿಡುವ ಸಣ್ಣ ತೂತು, ಸ್ಲೋ ಜೆಟ್, ಕಟ್ಟಿರಬಹುದು. ಅಥವಾ ಥ್ರಾಟಲ್ ಪ್ಲೇಟ್ ಸರಿಯಾಗಿ ಮುಚ್ಚುತ್ತಿಲ್ಲ. ಕಾರ್ಬೊರೇಟರ್ ಬಿಚ್ಚಿ ಬಲ್ಬಿನ ಎದುರು ಹಿಡಿದರೆ ಒಂದೇ ಬದಿಯಲ್ಲಿ ಬೆಳಕು ಕಾಣುತ್ತದೆ. ಅದರ ಸಣ್ಣ ಸ್ಕ್ರೂ ಸಡಿಲಿಸಿ, ಪ್ಲೇಟ್ ಪೂರ್ತಿ ಮುಚ್ಚಿ, ಮಧ್ಯಕ್ಕೆ ಕೂತ ಮೇಲೆ ಬಿಗಿಯಿರಿ. ಆ ಸ್ಕ್ರೂ ಕಳಚಿದರೆ ನೇರ ಇಂಜಿನ್ನಿನ ಒಳಗೇ ಹೋಗುತ್ತದೆ, ಆದ್ದರಿಂದ ಬಿಗಿದ ಮೇಲೆ ತುದಿ ಚಪ್ಪಟೆ ಮಾಡುವುದನ್ನು ಮರೆಯಬೇಡಿ.

ಕೊನೆಗೆ ಮಿಕ್ಸ್ಚರ್ ಸ್ಕ್ರೂವನ್ನು ನಿಧಾನವಾಗಿ ತಿರುಗಿಸುತ್ತಾ ಹೋಗಿ, ಮುಳ್ಳು ಎಲ್ಲಿ ಅತಿ ಮೇಲಕ್ಕೆ ಹೋಗಿ ನಿಲ್ಲುತ್ತದೋ ಅಲ್ಲಿಗೆ ಬಿಡಿ. ಸ್ಲೋ ಜಾಸ್ತಿಯಾದರೆ ಇಳಿಸಿ ಇನ್ನೊಮ್ಮೆ ನೋಡಿ. ಗೇಜ್ ತಂದಿದ್ದೇನೆ. ಹೊರಗೆ ಒಂದು ಜೀಪು ನಿಂತಿದೆಯಲ್ಲ, ಬನ್ನಿ, ಅದಕ್ಕೇ ಹಾಕಿ ನೋಡೋಣ.